ದೇವಿ ಬೇಕು, ಹೆಣ್ಣು ಅಡ್ಡಿಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ತಾಲೂಕುಗಳಲ್ಲಿ ದೇವರ ಜನಗಣತಿ ಮಾಡಿದರೆ ಅಮ್ಮನವರದ್ದೇ ಮೇಲುಗೈ. ಕೊಲ್ಲೂರಿನಲ್ಲಿ ಮೂಕಾಂಬಿಕೆ, ಕಮಲಶಿಲೆಯಲ್ಲಿ ಬ್ರಾಹ್ಮೀ ದುರ್ಗಾಪರಮೇಶ್ವರಿ, ಮಂದಾರ್ತಿಯಲ್ಲಿ ದುರ್ಗಾಪರಮೇಶ್ವರಿ, ಉಪ್ಪುಂದದಲ್ಲಿ ಇನ್ನೊಬ್ಬ ದುರ್ಗೆ, ನೀಲಾವರದಲ್ಲಿ ಮಹಿಷಮರ್ದಿನಿ, ಕೋಟದಲ್ಲಿ ಅಮೃತೇಶ್ವರಿ. ಇಷ್ಟು ಜನ ಅಮ್ಮಂದಿರು ಕೂತ ಸೀಮೆಯಲ್ಲಿ ಅವರೆದುರು ಕೈಮುಗಿದು ನಿಂತವರ ಅರ್ಜಿ ಮಾತ್ರ ತಲೆಮಾರುಗಳಿಂದ ಒಂದೇ: ಅಮ್ಮಾ, ಒಂದು ಗಂಡು ಕೊಡು.

ದೇವಿಯರು ನಗುಮುಖದಿಂದಲೇ ಕೇಳಿಸಿಕೊಳ್ಳುತ್ತಾರೆ. ಅದು ಅಲಂಕಾರ ಮಾಡುವ ಭಟ್ಟರ ಕೈಚಳಕ. ಇಲ್ಲದಿದ್ದರೆ ಅವರೆಲ್ಲ ಎಂದೋ ಪೀಠ ಬಿಟ್ಟು ಎದ್ದು ಹೋಗಿರುತ್ತಿದ್ದರು.

ನನಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿದಾಗ ನೋಡಲು ಬಂದವರೆಲ್ಲ ಉತ್ತರಕ್ರಿಯೆಯ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿಕೊಂಡಿದ್ದರು. ‘ಎರಡೂ ಹೆಣ್ಣಾ? ಅಡ್ಡಿಲ್ಲ ಬಿಡ್, ಇನ್ನೊಂದ್ ಸಲ ಕಾಂಬ’ ಎಂದರು ದೊಡ್ಡತ್ತೆ. ಚಿಕ್ಕತ್ತೆಗೆ ಓದು ಸ್ವಲ್ಪ ಹೆಚ್ಚು, ಹಾಗಾಗಿ ಅವರ ಸಮಾಧಾನಕ್ಕೆ ಪುರಾಣದ ಲೇಪವಿತ್ತು: ‘ಹೆಣ್ಣ್ ಅಂದ್ರೆ ಲಕ್ಷ್ಮಿ ಮಾರಾಯ್ತಿ.’ ಗಂಡು ಹುಟ್ಟಿದ ಮನೆಗೆ ಹೋಗಿ ‘ಬೇಜಾರ್ ಮಾಡ್ಬೇಡ, ಗಂಡ್ ಅಂದ್ರೆ ವಿಷ್ಣು’ ಎಂದು ಬೆನ್ನು ಸವರಿದವರನ್ನು ನಾನಂತೂ ಕಂಡಿಲ್ಲ. ಲಕ್ಷ್ಮಿಗೆ ಮಾತ್ರ ಯಾಕೋ ಶಿಫಾರಸು ಬೇಕು.

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೊಸತಾಗಿ ಮದುವೆಯಾದ ಜೋಡಿಗಳು ಹೋಗಬೇಕು, ಕೋಟಿಲಿಂಗೇಶ್ವರನ ತೇರು ನೋಡಬೇಕು, ಕಬ್ಬಿನ ಕೊಡಿ ಹಿಡಿದು ಮನೆಗೆ ಬರಬೇಕು. ಸಂಸಾರ ಕೊಡಿಯೊಡೆಯಲಿ ಎಂಬ ಹಾರೈಕೆ. ಚೆಂದದ ಸಂಪ್ರದಾಯ, ನಾವೂ ತಂದಿದ್ದೇವೆ. ಕಬ್ಬಿಗೆ ಗಂಡು ಹೆಣ್ಣಿನ ಭೇದ ಗೊತ್ತಿಲ್ಲ. ಚೌಕಾಶಿ ಮಾಡಿ ಕೊಳ್ಳುವ ಅತ್ತೆಯಂದಿರಿಗೆ ಗೊತ್ತು. ಕೋಟದ ಅಮೃತೇಶ್ವರಿಯನ್ನು ‘ಹಲವು ಮಕ್ಕಳ ತಾಯಿ’ ಎಂದು ಕೊಂಡಾಡುತ್ತೇವೆ. ಆ ಹಲವರಲ್ಲಿ ಗಂಡೆಷ್ಟು ಎಂದು ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ಸೊಸೆಯನ್ನು ಕೇಳುವ ಧೈರ್ಯ ಎಲ್ಲರಿಗೂ ಇದೆ.

ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಏನು ಕಡಿಮೆ ಎಂದು ಭಾಷಣಕಾರರು ಗುಡುಗುವಾಗ ಒಂದು ಅಂಕಿ ತಪ್ಪದೆ ಬರುತ್ತದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ರಾಜ್ಯಕ್ಕೇ ಮೊದಲು! ಚಪ್ಪಾಳೆ. ನಮ್ಮ ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲೂ ಗಲ್ಫಿನಲ್ಲೂ ದುಡಿಯುತ್ತಿದ್ದಾರೆ, ಆದ್ದರಿಂದ ಎಣಿಸುವವರ ಕೈಗೆ ಸಿಕ್ಕಿಲ್ಲ ಎಂಬುದನ್ನು ಮೈಕಿನಲ್ಲಿ ಯಾರೂ ಹೇಳುವುದಿಲ್ಲ. ಅದೇ ಗಣತಿಯಲ್ಲಿ ಇನ್ನೂ ಬಸ್ಸು ಹತ್ತಲು ಬಾರದ, ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಿದರೆ ಗಂಡೇ ಹೆಚ್ಚು, ಹೆಣ್ಣು ಸಾವಿರ ಮುಟ್ಟುವುದಿಲ್ಲ. ಲಿಂಗಪತ್ತೆ ತಡೆಯುವ ಕಾಯ್ದೆ ಬಂದದ್ದು 1994ರಲ್ಲಿ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಅದರ ಬೋರ್ಡು ಇದೆ. ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತ ಅತ್ತೆಯ ಬಾಯಲ್ಲಿ ಹರಕೆಯೂ ಇದೆ.

ಹರಕೆ ಎಂದರೆ ನಮ್ಮಲ್ಲಿ ಯಕ್ಷಗಾನದ ಆಟ. ಮಂದಾರ್ತಿಗೆ ಐದು ಮೇಳ. ಐದೂ ಸಾಲದೆ ಹರಕೆ ಆಟದ ಬುಕ್ಕಿಂಗ್ ವರ್ಷಗಳಾಚೆಗೆ ಓಡಿಹೋಗಿದೆ. ಇವತ್ತು ಗಂಡು ಮಗುವಿಗಾಗಿ ಆಟ ಹೇಳಿಕೊಂಡರೆ, ಸರದಿ ಬರುವ ಹೊತ್ತಿಗೆ ಆ ಮಗು ಇಂಜಿನಿಯರಾಗಿ ವೈಟ್‌ಫೀಲ್ಡಿನಲ್ಲಿ ಕೂತಿರುತ್ತದೆ. ‘ಅಮ್ಮ, ರಜೆ ಇಲ್ಲ, ಗೂಗಲ್ ಪೇ ಮಾಡ್ತೆ’ ಎನ್ನುತ್ತದೆ. ಆ ದಿನ ಮೇಳದ ದೇವರನ್ನು ಎದುರುಗೊಳ್ಳುವವಳು, ಬಂದ ನೆಂಟರಿಗೆಲ್ಲ ಎಲೆ ಹಾಕುವವಳು, ಚೌಕಿಯಲ್ಲಿ ಪೂಜೆಗೆ ಹೂವು ಕೊಡುವವಳು, ಕೊನೆಗೆ ಬೆಳಗಿನ ಜಾವ ಚಾಪೆ ಮಡಚುವವಳು, ಯಾವ ಹರಕೆಯೂ ಇಲ್ಲದೆ ಹುಟ್ಟಿದ ಅಕ್ಕ. ಪ್ರಸಾದ ಕೊಡುವಾಗ ಭಾಗವತರು ಕೇಳುತ್ತಾರೆ: ‘ಮಗ ಬರ್ಲಿಲ್ವಾ?’

ರಂಗಸ್ಥಳದ ಸಂಗತಿ ಇನ್ನೂ ಸೊಗಸು. ಹರಕೆ ಮೇಳದಲ್ಲಿ ದೇವಿಯ ವೇಷ ಗಂಡಸಿನದು. ಅವನು ಸೀರೆ ಉಟ್ಟು, ಕಿರೀಟ ತೊಟ್ಟು, ಶೂಲ ಹಿಡಿದು ಬಂದರೆ ಸಭೆಯೇ ಎದ್ದು ನಿಲ್ಲುತ್ತದೆ. ನನ್ನ ದೊಡ್ಡ ಮಗಳು ವಾರಕ್ಕೆರಡು ದಿನ ಯಕ್ಷಗಾನ ಕ್ಲಾಸಿಗೆ ಹೋಗುತ್ತಾಳೆ, ತಾಳ ತಪ್ಪದೆ ಕುಣಿಯುತ್ತಾಳೆ. ‘ಅಮ್ಮಾ, ನಾನ್ ದೊಡ್ಡಾದ್ರೆ ಮೇಳಕ್ಕೆ ಸೇರ್ಲಕ್ಕಾ?’ ಎಂದು ಕೇಳಿದಳು. ಆಗದು ಮಗಳೇ, ನೀನು ನಿಜವಾಗಿ ಹೆಣ್ಣು, ದೇವಿಯಾಗಲು ಅದೊಂದೇ ಅಡ್ಡಿ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳಗಳಲ್ಲಿ ಗಂಡಸರ ನಡುವೆ ಕೂತು ರಾತ್ರಿಯಿಡೀ ಭಾಗವತಿಕೆ ಮಾಡಿ ತೋರಿಸಿದರು. ಅವರನ್ನು ಸನ್ಮಾನಿಸಿ ಶಾಲು ಹೊದೆಸಿದ ಎಷ್ಟೋ ಕೈಗಳು ಮನೆಗೆ ಬಂದು ಮಗಳ ಗೆಜ್ಜೆಯನ್ನು ಹತ್ತನೇ ಕ್ಲಾಸಿಗೆ ಬಿಚ್ಚಿಸಿವೆ.

ಹತ್ತನೇ ಕ್ಲಾಸಿನ ಮಾತು ಬಂತಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94ರ ಫಲಿತಾಂಶದೊಂದಿಗೆ ಉಡುಪಿ ಜಿಲ್ಲೆ ರಾಜ್ಯಕ್ಕೆ ಪ್ರಥಮ. ಇಡೀ ರಾಜ್ಯದಲ್ಲಿ ಪಾಸಾದ ಹುಡುಗಿಯರು ಶೇ. 81, ಹುಡುಗರು ಶೇ. 66ರ ಒಳಗೆ. ಇಷ್ಟಾದರೂ ಪರೀಕ್ಷೆಯ ಮುಂಚೆ ಆನೆಗುಡ್ಡೆಯಲ್ಲಿ ಗಣಹೋಮ ಯಾರ ಹೆಸರಿನಲ್ಲಿ? ಮಗನದು. ಲೆಕ್ಕ ಸರಿಯಾಗಿಯೇ ಇದೆ, ದೇವರ ಸಹಾಯ ಬೇಕಾದವನಿಗೇ ಹೋಮ.

ಮಗಳಿಗೆ ನಾವು ಕೊಡುವುದು ಸಂಸ್ಕಾರ. ಅದಕ್ಕೆ ರಶೀದಿ ಇಲ್ಲ, ರಜೆಯೂ ಇಲ್ಲ. ಮುಸ್ಸಂಜೆ ದೀಪ ಹಚ್ಚುವವಳು ಅವಳು, ಕುಣಿತ ಭಜನೆಯ ಸಾಲಿನಲ್ಲಿ ಒಂದೇ ಬಣ್ಣದ ಸೀರೆ ಉಟ್ಟು ಹೆಜ್ಜೆ ಹಾಕುವವಳು ಅವಳು, ‘ಹೆಣ್ಮಕ್ಳ್ ಹಾಂಗೆಲ್ಲ ನೆಗಾಡುಕಾಗ’ ಎಂದು ಕೇಳಿಸಿಕೊಳ್ಳುವವಳೂ ಅವಳೇ. ತಮ್ಮ ಆ ಹೊತ್ತಿಗೆ ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ, ಅವನ ಸಂಸ್ಕಾರವನ್ನು ಉಪನಯನದ ದಿನ ಹಾಲ್ ಬುಕ್ ಮಾಡಿ ಒಂದೇ ಸಲಕ್ಕೆ ಮುಗಿಸಿಯಾಗಿದೆ. ಧರ್ಮ ಉಳಿಯಬೇಕಾದರೆ ಹೆಣ್ಣುಮಕ್ಕಳು ಸರಿಯಿರಬೇಕು ಎಂದು ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ ಹೇಳಿದವರು ಮಜ್ಜಿಗೆ ಬಡಿಸಲು ಬಂದ ಏಳು ವರ್ಷದ ಹುಡುಗಿಗೆ ದಾರಿ ಕೂಡ ಬಿಡಲಿಲ್ಲ.

ನಮ್ಮ ಯಜಮಾನರು ಪ್ರತಿವರ್ಷ ಮಾಲೆ ಹಾಕುತ್ತಾರೆ. ಚಿಕ್ಕವಳನ್ನು ಕಳೆದ ಸಲ ಶಬರಿಮಲೆಗೆ ಕರೆದುಕೊಂಡು ಹೋದರು. ತಲೆ ಮೇಲೆ ಪುಟ್ಟ ಇರುಮುಡಿ, ದಾರಿಯುದ್ದಕ್ಕೂ ‘ಮಾಳಿಗಪ್ಪುರಂ’ ಎಂಬ ಗೌರವ, ದೊಡ್ಡ ದೊಡ್ಡ ಸ್ವಾಮಿಗಳೆಲ್ಲ ಕಾಲಿಗೆ ಬಿದ್ದರಂತೆ. ಹತ್ತು ತುಂಬಿದ ಮೇಲೆ ಅದೇ ಕಾಲುಗಳು ಮೆಟ್ಟಿಲು ಹತ್ತುವಂತಿಲ್ಲ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹತ್ತಬಹುದು ಎಂದಿತು, ಮರುವರ್ಷ ಆ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠದ ಕಡೆಗೆ ದಾಟಿಸಿತು. ಹತ್ತು ದಾಟಿದರೆ ನಲವತ್ತು ವರ್ಷ ಕಾಯಬೇಕು ಎಂದು ಅಪ್ಪ ಮಗಳಿಗೆ ಹೇಳಿಕೊಟ್ಟಿದ್ದಾರೆ. ನಲವತ್ತು ಎಂದರೆ ಎಷ್ಟು ರಾತ್ರಿ ಎಂದು ಅವಳು ಕೇಳುತ್ತಾಳೆ.

ಇದು ಒಂದು ಜಾತಿ, ಒಂದು ಧರ್ಮದ ಜಾಣತನ ಅಂದುಕೊಳ್ಳಬೇಡಿ, ಇಷ್ಟರಮಟ್ಟಿಗೆ ನಮ್ಮೂರು ಸರ್ವಧರ್ಮ ಸಮನ್ವಯದ ಊರೇ. ಸೆಪ್ಟೆಂಬರ್ 8ಕ್ಕೆ ಚರ್ಚುಗಳಲ್ಲಿ ಮೊಂತಿ ಫೆಸ್ತ್. ಮಾತೆ ಮರಿಯಮ್ಮ ಹುಟ್ಟಿದ ದಿನ, ಎಂದರೆ ಒಂದು ಹೆಣ್ಣು ಮಗು ಹುಟ್ಟಿತೆಂದು ಊರಿಗೆ ಊರೇ ತೆನೆ ತಂದು, ಹೂವು ಸುರಿದು, ಹೊಸ ಅಕ್ಕಿ ಉಣ್ಣುವ ಹಬ್ಬ. ಹೂವಿನ ಬುಟ್ಟಿ ಹಿಡಿದ ಮೂವರು ಅಕ್ಕತಂಗಿಯರ ಅಮ್ಮನನ್ನು ಚರ್ಚಿನ ಅಂಗಳದಲ್ಲೇ ತಡೆದು ‘ಗಂಡಿಗೆ ಟ್ರೈ ಮಾಡ್ಲಿಲ್ವಾ?’ ಎಂದು ಕೇಳಿದವರ ಕೈಯಲ್ಲೂ ತೆನೆ ಇತ್ತು.

2022ರ ಫೆಬ್ರವರಿ 3ರಂದು ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು ಹಿಜಾಬ್ ಧರಿಸಿ ಬಂದ ಹುಡುಗಿಯರ ಎದುರು ಮುಚ್ಚಿದ್ದನ್ನು ದೇಶವೆಲ್ಲ ಟಿವಿಯಲ್ಲಿ ಕಂಡಿತು. ಎದುರಿಗೆ ಕೇಸರಿ ಶಾಲು. ಮಾರ್ಚ್ 15ಕ್ಕೆ ಹೈಕೋರ್ಟು ಸಮವಸ್ತ್ರದ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. ಎರಡೂ ಕಡೆಯ ಹಿರಿಯರು ತಮ್ಮ ತಮ್ಮ ಧರ್ಮದ ಭಾರವನ್ನು ತಂದು ಇಳಿಸಿದ್ದು ಹದಿನಾರು ಹದಿನೇಳರ ಹುಡುಗಿಯರ ತಲೆ ಮೇಲೆ. ಶಾಲು ಮಡಚಿಟ್ಟು ಕ್ಲಾಸಿಗೆ ಹೋದ ಹುಡುಗರ ನಂಬಿಕೆಗೆ ಏನೂ ಊನವಾಗಲಿಲ್ಲ. ಪಾಠ, ಪರೀಕ್ಷೆ ತಪ್ಪಿದ್ದು ಹುಡುಗಿಯರಿಗೆ.

ಗಂಡಿಗಾಗಿ ಹರಕೆ ಹೊರುವ ಈ ಸೀಮೆಯ ನಿಜವಾದ ಪವಾಡ ಇರುವುದು ಬಾರ್ಕೂರಿನಲ್ಲಿ. ಬ್ರಹ್ಮಾವರದಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿಯ ಐತಿಹ್ಯ ಎಲ್ಲರಿಗೂ ಗೊತ್ತು. ದೇವಪಾಂಡ್ಯನ ಹಡಗುಗಳಿಗೆ ಭೂತರಾಜ ಕುಂಡೋದರ ಬಲಿ ಕೇಳಿದ. ಪಾಂಡ್ಯನ ಹೆಂಡತಿ ತನ್ನ ಮಕ್ಕಳನ್ನು ಕೊಡೆನೆಂದಳು. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನೇ ತಂದು ನಿಲ್ಲಿಸಿದಳು. ಕುಂಡೋದರ ಮೆಚ್ಚಿ ಹುಡುಗನನ್ನು ಬಿಟ್ಟ, ಅವನೇ ಭೂತಾಳಪಾಂಡ್ಯನಾದ, ಆಸ್ತಿ ಇನ್ನು ಮುಂದೆ ತಂಗಿಯ ಸಂತಾನಕ್ಕೆ ಎಂದು ಕಟ್ಟು ಮಾಡಿದ. ಅದೇ ಅಳಿಯಸಂತಾನ. ಬಂಟರು, ಬಿಲ್ಲವರು, ಮೊಗವೀರರು ತಲೆತಲಾಂತರ ತಾಯಿಯ ಬಳಿ, ಎಂದರೆ ತಾಯಿಯ ಕುಲ, ಹಿಡಿದು ಬಾಳಿದರು. ಹೆಣ್ಣು ಹುಟ್ಟಿದರೆ ಕುಟುಂಬ ಉಳಿಯಿತು ಎಂದು ಸಮಾಧಾನಪಟ್ಟ ಮನೆಗಳು ಇದೇ ನೆಲದಲ್ಲಿದ್ದವು. ಹಾಗಂತ ಸ್ವರ್ಗವೇನೂ ಇರಲಿಲ್ಲ, ಬಳಿ ಅಮ್ಮನದಾದರೂ ಕಣಜದ ಬೀಗದಕೈ ಸೋದರಮಾವನ ಸೊಂಟದಲ್ಲೇ ನೇತಾಡುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ಆಟಕ್ಕೆ ಮಂಗಳ ಹಾಡಿತು.

ಬಳಿಕ ಕಾನೂನು ಮಗಳನ್ನು ಮರೆಯಲಿಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಮಗಳಿಗೂ ಪಾಲೆಂದಿತು, ದೇಶ 2005ರಲ್ಲಿ ಹೇಳಿತು, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಸತ್ಯವತಿಯ ಸೀಮೆಯಲ್ಲಿ ಇದಕ್ಕೊಂದು ಸುಲಭ ಪರಿಹಾರವಿದೆ: ಹಕ್ಕು ಬಿಡುಗಡೆ ಪತ್ರ. ಅಪ್ಪನ ವರ್ಷಾಂತಿಕ ಮುಗಿದ ವಾರ ಅಕ್ಕತಂಗಿಯರನ್ನು ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ, ಬರುವ ದಾರಿಯಲ್ಲಿ ಒಂದೊಂದು ಸೀರೆ, ಮಸಾಲೆದೋಸೆ. ‘ಪಾಲ್ ಬೇಕಾ, ತವರು ಬೇಕಾ’ ಎಂಬ ಪ್ರಶ್ನೆಯನ್ನು ಅಣ್ಣ ಕೇಳುವುದಿಲ್ಲ, ಅಮ್ಮನ ಬಾಯಿಂದಲೇ ಕೇಳಿಸುತ್ತಾನೆ. ಬೇಕಾದರೆ ದೈವದ ದರ್ಶನದಲ್ಲಿ ಪಾತ್ರಿಯ ಬಾಯಿಂದಲೂ ಒಂದು ನುಡಿ ಬರುತ್ತದೆ: ಮನೆ ಒಡೆಯುಕಾಗ. ಮನೆಯನ್ನು ಅಣ್ಣತಮ್ಮಂದಿರು ನಡುಗೋಡೆ ಹಾಕಿ ಮೂರು ಪಾಲು ಮಾಡಿಕೊಂಡಾಗ ಅದೇ ದೈವ ಮೌನ.

ನಿಮ್ಮ ಮನೆಯಲ್ಲಿ ಅಂಥ ಪತ್ರವೊಂದು ತಯಾರಾಗುತ್ತಿದ್ದರೆ, ಸಹಿಗೆ ಮುಂಚೆ ಅದನ್ನು ಮಗಳ ಕೈಗೆ ಕೊಟ್ಟು ಓದಲು ಹೇಳಿ. ಅರ್ಥವಾಗದಿದ್ದರೆ ವಕೀಲರಲ್ಲಿಗೆ ಕಳಿಸಿ. ವಕೀಲರ ಫೀಸನ್ನು ಹರಕೆ ಡಬ್ಬಿಯಿಂದ ತೆಗೆದುಕೊಟ್ಟರೆ ಯಾವ ಅಮ್ಮನವರೂ ಮುನಿಯುವುದಿಲ್ಲ.