ಕೀಡಿ ಹತ್ತಿದ ಪುಟ

ಅವ್ವನ ಮಾತುಗಳನ್ನು ಬರೆದಿಡೋಣವೆಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ‘ಜರಾ ನಿಂದರ್, ಬರ್ಲತ್ತೀನಿ’ ಎಂದು ಹೊಡೆದದ್ದೇ ತಡ, ಪದಪದದ ಕೆಳಗೂ ಕೆಂಪು ಗೆರೆ ಡೊಂಕುಡೊಂಕಾಗಿ ಹರಿಯಿತು. ಥೇಟ್ ತೊಗರಿಗೆ ಹತ್ತಿದ ಕೀಡಿ. ಊರ ಹೆಸರು ‘ಗೋರ್ಟಾ (ಬಿ)’ ಎಂದು ಹಾಕಿದೆ; ‘ಗೋರ್ಟಾ’ದ ಕೆಳಗೂ ಒಂದು. 1948ರ ಮೇ ತಿಂಗಳಲ್ಲಿ ರಜಾಕಾರರ ಕೈಯಲ್ಲಿ ಅಷ್ಟೊಂದು ಹೆಣ ಬಿದ್ದ ಊರು. ಅದರ ಹೆಸರೇ ತಪ್ಪಂತೆ! ಕಂಸದೊಳಗಿನ ‘ಬಿ’ಯನ್ನು ಮಾತ್ರ ಮುಟ್ಟಲಿಲ್ಲ. ಬಿ ಎಂದರೆ ಬುದ್ರುಕ್, ಹಿರಿದು. ಹಿರಿಯರೆಂದು ಮರ್ಯಾದೆ ಕೊಟ್ಟಿರಬೇಕು.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಹಚ್ಚಿದೆ. ನಾನು ಬರೆಯುವ ವಿಮ್ ಎಂಬ ಎಡಿಟರಿಗೆ ಕನ್ನಡದ ಪದಪಟ್ಟಿ ಕೂಡಿಸಿಕೊಟ್ಟವನು ಅವನೇ.

“ಕಾಕಾ, ತಪಾಸಣೀನೇ ಬಂದ್ ಮಾಡ್ರಿ.”

“ಕೀಡಿ ಬಿದ್ದಾವಂತ ಹೊಲಕ್ಕ ಹೋಗೋದು ಬಿಡ್ತಾರೇನೋ?”

“ಹಂಗಾದ್ರ ಪದದ ಮ್ಯಾಲ ಕರ್ಸರ್ ಇಟ್ಟು ಝಡ್, ಜಿ ಒತ್ರಿ. ಒಂದೊಂದೇ ಉದುರ್ತಾವ.”

ನಮ್ಮ ಕಡೆ ತೊಗರಿ ಗಿಡ ಬಗ್ಗಿಸಿ, ಕೆಳಗೆ ತಾಡಪತ್ರಿ ಹಾಸಿ ಅಲ್ಲಾಡಿಸುವುದು ಹೀಗೆಯೇ. ‘ದವಾಖಾನಿ’ ಉದುರಿಸಿದೆ. ಮುಂದಿನ ಸಾಲಿನಲ್ಲಿ ‘ದವಾಖಾನ್ಯಾಗ’ ಕಾದು ಕೂತಿತ್ತು, ಅದರ ಹಿಂದೆ ‘ದವಾಖಾನಿಗಿ’. ವಿಭಕ್ತಿ ಪ್ರತ್ಯಯಗಳಿರುವ ಭಾಷೆಯಲ್ಲಿ ಕೀಡಿ ಒಂದೇ ರಾತ್ರಿಗೆ ಮರಿ ಹಾಕುತ್ತದೆ.

ಆಮೇಲೆ ಸಹಾಯದ ಪುಟ ಓದುತ್ತ ಕೂತಾಗ ಒಂದು ಗುಟ್ಟು ಸಿಕ್ಕಿತು. 2006ರಲ್ಲಿ ವಿಮ್‌ನ 7ನೇ ಆವೃತ್ತಿಯೊಡನೆ ಈ ತಪಾಸಣೆ ಬಂದಾಗಿನಿಂದ ಅದರಲ್ಲಿ ನಾಲ್ಕು ಬಗೆಯ ಗೆರೆಗಳಿವೆ. ತಪ್ಪಿಗೆ ಒಂದು, ವಾಕ್ಯದ ಮೊದಲ ಅಕ್ಷರ ದೊಡ್ಡದಾಗದಿದ್ದರೆ ಒಂದು (ಕನ್ನಡಕ್ಕೆ ಆ ಕಾಟವಿಲ್ಲ), ಅಪರೂಪದ ಪದಕ್ಕೆ ಒಂದು. ನಾಲ್ಕನೆಯದು ‘ಸ್ಪೆಲ್‌ಲೋಕಲ್’: ಪದ ಸರಿಯೇ, ಆದರೆ ಬೇರೆ ಸೀಮೆಯದು. ಅಮೆರಿಕದವರ ಕಣ್ಣಿಗೆ ಬ್ರಿಟಿಷರ ಕಾಗುಣಿತ ಹೀಗೆ ಕಾಣಲಿ ಎಂದು ಮಾಡಿದ ಏರ್ಪಾಡು. ಅವ್ವನ ಮಾತಿಗೆ ಇದಕ್ಕಿಂತ ಒಳ್ಳೆಯ ವಕೀಲ ಸಿಕ್ಕಾನೆಯೇ? ಅದಕ್ಕೆ ಅರಿಸಿನದ ಬಣ್ಣ ಕೊಟ್ಟೆ.

ಬಣ್ಣ ಕೊಟ್ಟರಷ್ಟೇ ಸಾಲದು, ಯಾವ ಪದ ಯಾವ ಸೀಮೆಯದೆಂದು ಯಂತ್ರಕ್ಕೆ ನಾವೇ ಹೇಳಬೇಕು. ಎಂಟು ದಿನ ಕೂತು ಪಟ್ಟಿ ಮಾಡಿದೆ. ಬೀದರಿಗೆ 1, ಬೆಂಗಳೂರಿಗೆ 2. ‘ಅವ್ವ’, ‘ನೀರು’, ‘ಹೊಲ’ ಎಲ್ಲರವು, ಅವಕ್ಕೆ ನಂಬರಿಲ್ಲ. ಕೊನೆಗೆ ನನ್ನ ಸೀಮೆ ಬೀದರ್ ಎಂದು ಹೇಳಿ ಪುಟ ತೆರೆದರೆ ಒಂದೂ ಗೆರೆಯಿಲ್ಲ. ಖುಷಿಗೆ ಅಣ್ಣನ ಮಗನ ಸಂದೇಶವನ್ನೂ ಅದರೊಳಗೆ ಅಂಟಿಸಿದೆ. ಅವನ ‘ಬರುತ್ತಿದ್ದೇನೆ’ಯ ಕೆಳಗೆ ಅರಿಸಿನದ ಗೆರೆ ಮೂಡಿತು. ಫೋಟೋ ತೆಗೆದು ಕಳಿಸಿದೆ.

“ಏನ್ ಕಾಕಾ, ನಾ ಪರಸೀಮೆಯಂವ ಆದ್ನೇನ್ರಿ?”

“ಜರಾ ನಿಂದರ್. ಉದುರಸ್ಲತ್ತೀನಿ.”