ಕೂಸಿನ ಸ್ನಾನಕ್ಕೊಂದು ಸರ್ವಪಕ್ಷ ಸಭೆ

ಮನೆಯಲ್ಲಿ ಒಂದು ಕೂಸು ಹುಟ್ಟಿದರೆ ಅದರ ಬೆನ್ನಿಗೇ ಹತ್ತು ಮಂದಿ ಪಂಡಿತರೂ ಹುಟ್ಟುತ್ತಾರೆ. ಕೂಸಿಗೆ ಮಾತು ಬರಲು ವರ್ಷವಾದರೂ ಬೇಕು. ಈ ಪಂಡಿತರಿಗೆ ಹುಟ್ಟಿದ ಗಳಿಗೆಯಿಂದಲೇ ಬರುತ್ತದೆ. ಯಾವ ಮಗ್ಗುಲಿಗೆ ಮಲಗಿಸಬೇಕು, ಕುಲಾವಿ ಕಟ್ಟಬೇಕೋ ಬೇಡವೋ, ಹೆಸರು ಯಾವ ಅಕ್ಷರದಿಂದ ಶುರುವಾಗಬೇಕು ಎಂಬ ವಿಷಯಗಳಲ್ಲಿ ಹೇಗೋ ರಾಜಿಯಾಗುತ್ತದೆ. ಜಪ್ಪಯ್ಯ ಅಂದರೂ ರಾಜಿಯಾಗದ ವಿಷಯ ಒಂದೇ: ಕೂಸಿಗೆ ಏನು ಹಚ್ಚಿ ಎರೆಯಬೇಕು?

ಮಗಳು ಬಾಣಂತನಕ್ಕೆಂದು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಮೊಮ್ಮಗಳ ಹೊಕ್ಕುಳಬಳ್ಳಿ ಒಣಗಿ ಬಿದ್ದು, ಇನ್ನು ಮೈತುಂಬ ನೀರು ಹಾಕಬಹುದು ಎಂದು ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಸಂಜೆಯೇ ನಡುಮನೆಯಲ್ಲಿ ಸರ್ವಪಕ್ಷ ಸಭೆ ಸೇರಿತು. ಮಗಳು ಅಂಗಡಿಯ ಬಾಟಲಿಯೊಂದರ ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿಯಿಲ್ಲದೆ ಓದಿ, ಸಲ್ಫೇಟು, ಪ್ಯಾರಾಬೆನ್ನು ಎಂದು ಹೆದರಿಸಿದ್ದಳು. ಆದ್ದರಿಂದ ನಿರ್ಣಯ: ಬಾಟಲಿ ಬೇಡ, ಮನೆಯಲ್ಲೇ ಏನಾದರೂ ಮಾಡೋಣ, ಸಹಜವಾಗಿರಲಿ, ಮೃದುವಾಗಿರಲಿ. ಎಲ್ಲರೂ ತಲೆಯಾಡಿಸಿದರು. ಆ ಸಭೆ ಒಮ್ಮತ ಕಂಡದ್ದು ಅದೇ ಮೊದಲು, ಅದೇ ಕೊನೆ.

ನನ್ನ ಹೆಂಡತಿ ಹೆಸರುಹಿಟ್ಟಿನ ಪಕ್ಷ. ಅವಳ ಅಜ್ಜಿ, ಅಮ್ಮ, ಅವಳು, ಎಲ್ಲರೂ ಹೆಸರುಹಿಟ್ಟಿನಲ್ಲೇ ಮಿಂದು ಬೆಳೆದವರಂತೆ. ಬೀಗಿತ್ತಿ ಧಾರವಾಡದವರು, ಕಡಲೆಹಿಟ್ಟಿನ ಪಕ್ಷ. "ಕಡ್ಲಿಹಿಟ್ಟಿಗೆ ಹಾಲಿನ ಕೆನಿ ಹಾಕಿ ತಿಕ್ರಿ. ಕೂಸಿನ ಮೈಮ್ಯಾಲಿನ ಕೂದ್ಲ ಎಲ್ಲಾ ಉದುರಿ ಹೋಗ್ತಾವ. ನಮ್ಮ ಮಗಗ ಹಂಗ ಮಾಡೇವಿ ನೋಡ್ರಿ" ಎಂದರು. ಎಲ್ಲರೂ ಅಳಿಯನ ಕಡೆ ನೋಡಿದೆವು. ಬೆರಳ ಗೆಣ್ಣಿನವರೆಗೂ ಕೂದಲು ತುಂಬಿಕೊಂಡಿರುವ ಅಳಿಯ ಮಡಿಸಿದ್ದ ಅಂಗಿಯ ತೋಳನ್ನು ಮೆಲ್ಲನೆ ಕೆಳಗಿಳಿಸಿದ.

ಹುಟ್ಟಿದ ಕೂಸಿನ ಬೆನ್ನು, ಭುಜದ ಮೇಲಿನ ಆ ನವಿರು ಕೂದಲು ಕೆಲವು ವಾರಗಳಲ್ಲಿ ತಾನಾಗಿಯೇ ಉದುರುತ್ತದೆ. ಆದರೆ ಪುಣ್ಯವೆಲ್ಲ ಆಯಾ ಮನೆಯ ಹಿಟ್ಟಿಗೆ ಜಮಾ ಆಗುತ್ತದೆ.

ಸಾಗರದಿಂದ ಬಂದಿದ್ದ ಅತ್ತಿಗೆಯದು ಮೂರನೇ ರಂಗ. "ಪುಡಿ ಗಿಡಿ ಎಲ್ಲ ನಿಮ್ಮ ಬಯಲುಸೀಮೆಯವರ ಹುಚ್ಚು. ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡಿದ್ರೆ ಮುಗೀತು" ಎಂದರು. ಎರೆಯಲು ಬರುತ್ತಿದ್ದ ಅಜ್ಜಿ ಬಾಗಿಲಲ್ಲೇ ಕೂತು, ಎಲೆಯಡಿಕೆ ಒಂದು ದವಡೆಗೆ ಸರಿಸಿ, "ಸೀಗೆ, ಅಂಟುವಾಳ ಇಲ್ದೆ ಜಿಡ್ಡು ಹೋದಾತಾ? ನಾನು ಈ ಕಾಲಿನ ಮೇಲೆ ಹಾಕ್ಕೊಂಡು ಎರೆದ ಮಕ್ಕಳು ಈಗ ತಹಶೀಲ್ದಾರ್ ಆಗವ್ರೆ" ಎಂದಳು. ತಹಶೀಲ್ದಾರರ ಪ್ರಮಾಣಪತ್ರವನ್ನು ಅಲ್ಲಗಳೆಯುವ ಧೈರ್ಯ ನಿವೃತ್ತ ಸರ್ಕಾರಿ ನೌಕರನಾದ ನನಗೆ ಇರಲಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ ಬಾವಂಚಿ, ಕಚೋರ, ಲಾವಂಚ, ಕಸ್ತೂರಿ ಅರಿಶಿನ, ಒಣ ಗುಲಾಬಿ ದಳಗಳಿಗೆ ಬಾಹ್ಯ ಬೆಂಬಲ ಘೋಷಿಸಿದರು. "ಕೂಸು ಘಮ್ ಅನ್ನುತ್ತೆ" ಎನ್ನುವುದು ಅವರ ಪ್ರಣಾಳಿಕೆ.

ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಮಗನ ವಿಡಿಯೊ ಕರೆ. "ಅಪ್ಪಾ, ಮೊದಲು ಪಿಎಚ್ ನೋಡಿ" ಎಂದ. ನನ್ನ ಹೆಂಡತಿ, "ಅದು ಯಾವ ಅಂಗಡೀಲಿ ಸಿಗುತ್ತೆ ಕೇಳಿ" ಎಂದಳು. ಅವನ ಪ್ರಕಾರ ಅಲ್ಲಿನವರೆಲ್ಲ ಮನೆಯಲ್ಲೇ ಮಾಡುವುದು ಕ್ಯಾಸ್ಟೈಲ್ ಸೋಪಿನ ದ್ರವವಂತೆ. ಮೂಲ ಸ್ಪೇನ್ ದೇಶದ್ದು, ಆಲಿವ್ ಎಣ್ಣೆಯ ಸಾಬೂನು. ಅದಕ್ಕೆ ನೀರು, ಒಂದಿಷ್ಟು ಬಾದಾಮಿ ಎಣ್ಣೆ, ಲ್ಯಾವೆಂಡರಿನ ನಾಲ್ಕು ಹನಿ ಹಾಕಿ ಕುಲುಕಿದರೆ ಆಯಿತು. ಮಗಳು ಅಣ್ಣನ ಮಾತಿಗೆ ಬೆಲೆಕೊಟ್ಟು ಒಂದು ಬಾಟಲಿ ಕುಲುಕಿಯೇಬಿಟ್ಟಳು. ಎಣ್ಣೆ ಮೇಲೆ ತೇಲಿತು, ನೀರು ಕೆಳಗುಳಿಯಿತು. ಬಚ್ಚಲಮನೆಯ ಸೆಕೆಗೆ ಕೆಲವೇ ದಿನಗಳಲ್ಲಿ ಅದರೊಳಗೆ ಮೋಡ ಕವಿದು, ಮುಚ್ಚಳ ತೆಗೆದರೆ ಲ್ಯಾವೆಂಡರನ್ನು ದಾಟಿ ಬೇರೇನೋ ನಾರತೊಡಗಿತು. ನೀರಿರುವ ಯಾವುದನ್ನಾದರೂ ಕೆಡದಂತೆ ಕಾಯುವ ಪದಾರ್ಥವಿಲ್ಲದೆ ಇಟ್ಟರೆ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ. ಮಗಳು ಹೆದರಿದ್ದ ಪ್ಯಾರಾಬೆನ್ನು ಅಂಗಡಿಯ ಬಾಟಲಿಯಲ್ಲಿ ಮಾಡುವುದು ಅವುಗಳನ್ನು ಒಕ್ಕಲೆಬ್ಬಿಸುವ ಕೆಲಸವನ್ನೇ.

ಸಾಬೂನಿನ ವಿಷಯದಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸಣ್ಣ ಬಿಂಕ ನನಗೂ ಇದೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದದ್ದು ನಮ್ಮೂರಲ್ಲೇ. ಸಾಬೂನು ತಯಾರಿಕೆ ಕಲಿತು ಬರಲೆಂದು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಂಸ್ಥಾನ ಇಂಗ್ಲೆಂಡಿಗೆ ಕಳಿಸಿತ್ತು. ಮೈಗೆ ಹಚ್ಚುವ ಒಂದು ಬಿಲ್ಲೆಗಾಗಿ ಒಬ್ಬ ರಸಾಯನಶಾಸ್ತ್ರಜ್ಞರು ಸಮುದ್ರ ದಾಟಬೇಕಾಯಿತು. ಕೂಸಿನ ಪುಡಿ ಮಾಡಲು ಮಾತ್ರ ಯಾರೂ ಏನೂ ಕಲಿಯಬೇಕಾಗಿಲ್ಲ. ಅದು ಎಲ್ಲರಿಗೂ ರಕ್ತದಲ್ಲೇ ಬಂದಿರುತ್ತದೆ.

ಕೊನೆಗೆ ಯಾವ ಪಕ್ಷವನ್ನೂ ನೋಯಿಸಬಾರದೆಂದು, ಎಲ್ಲರ ಪದಾರ್ಥವೂ ಪಾವು, ಅರೆಪಾವು ಲೆಕ್ಕದಲ್ಲಿ ಸೇರಲಿ ಎಂದು ತೀರ್ಮಾನವಾಯಿತು. ಗೊಂಪನ್ನು ಪುಡಿ ಮಾಡಲಾಗದ್ದರಿಂದ ಅತ್ತಿಗೆ ಸಭಾತ್ಯಾಗ ಮಾಡಿದರು. ಚೀಟಿ ಹಿಡಿದು ದೇವರಾಜ ಮಾರುಕಟ್ಟೆಯ ಬಳಿಯ ಗ್ರಂಥಿಗೆ ಅಂಗಡಿಗೆ ಹೋಗುವ ಕೆಲಸ ನನ್ನದು. ಅಂಗಡಿಯವನು ಚೀಟಿ ಓದಿ, ಮೂಗಿನ ಮೇಲಿನ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇದು ಮಗೂಗೋ, ಬಾಣಂತಿಗೋ, ಇಲ್ಲಾ ಹೋಮಕ್ಕೋ ಸ್ವಾಮಿ?" ಎಂದು ಕೇಳಿದ.

ಹಿಟ್ಟಿನ ಗಿರಣಿಯಲ್ಲಿ ಇನ್ನೊಂದು ಪ್ರಸಂಗ. ಡಬ್ಬದ ಮುಚ್ಚಳ ತೆಗೆದು ನೋಡಿದ ಗಿರಣಿಯವನು ಹೌಹಾರಿದ. "ಸೀಗೆಕಾಯಿ ಇದೆಯಲ್ಲ ಸಾರ್! ಇದನ್ನ ಆ ಮೂಲೆ ಮಿಷನ್ನಿಗೆ ಹಾಕ್ಬೇಕು. ಈ ಕಲ್ಲಿಗೆ ಹಾಕಿದ್ರೆ ಮುಂದಿನೋರ ಮನೆ ಮುದ್ದೇಲಿ ನೊರೆ ಬರುತ್ತೆ" ಎಂದು ಬೇರೆ ಯಂತ್ರ ಹೂಡಿದ. ಬೆಲ್ಟು ತಿರುಗಿದ್ದೇ ತಡ, ಕಂದುಬಣ್ಣದ ದೂಳು ಗಿರಣಿಯಿಡೀ ಹಬ್ಬಿತು. ಮೊದಲು ಗಿರಣಿಯವನು ಸೀನಿದ. ಆಮೇಲೆ ಗೋಧಿಯ ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬರಾದ ಮೇಲೊಬ್ಬರಂತೆ ಸೆರಗಿಗೆ ಮೂಗೊಡ್ಡಿದರು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಕಾಲೂರಿ ನಿಂತು ಸೀನಿ ಮುಂದೆ ಹೋದ. ಸಾಲಿನಲ್ಲಿದ್ದ ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತ, "ಏನ್ ಪುಡಿ ಸಾರ್ ಇದು?" ಎಂದರು. "ಎಳೆಗೂಸಿಗೆ ಹಚ್ಚೋದಮ್ಮ, ತುಂಬ ಮೃದು" ಎಂದೆ. ಅವರು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಇಷ್ಟೆಲ್ಲ ಆಗಿ, ಹೆಂಡತಿ ಆ ಪುಡಿಯನ್ನು ಮಲ್ ಬಟ್ಟೆ ಕಟ್ಟಿದ ಪಾತ್ರೆಯ ಮೇಲೆ ಸೋಸುವ ಹೊತ್ತಿಗೆ ಮೊಮ್ಮಗಳ ಒಂದೂವರೆ ತಿಂಗಳ ಲಸಿಕೆಯ ದಿನ ಬಂತು. ಚೀಟಿಯನ್ನೂ ಪುಡಿಯ ಡಬ್ಬಿಯನ್ನೂ ಡಾಕ್ಟರಮ್ಮನ ಮುಂದಿಟ್ಟೆವು. ಆಕೆ ನಮ್ಮ ಕಚೇರಿಗೆ ಲೆಕ್ಕಪರಿಶೋಧನೆಗೆ ಬರುತ್ತಿದ್ದವರ ಹಾಗೆಯೇ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಅಂಟುವಾಳ ಯಾಕೆ?" ಅದರ ನೊರೆ ಸ್ಯಾಪೋನಿನ್ ಎಂಬ ಅಂಶದ್ದು, ಕಣ್ಣಿಗೆ ಬಿದ್ದರೆ ವಿಪರೀತ ಉರಿ. "ಬೆಳ್ಳಿ ಪಾತ್ರೆ, ರೇಷ್ಮೆ ಸೀರೆಗೆ ಇಟ್ಟುಕೊಳ್ಳಿ." ಗೀಟು. ಸೀಗೆಯದೂ ಅದೇ ಜಾತಕ. ಎಣ್ಣೆ ಹಚ್ಚಿದ ದೊಡ್ಡವರ ಜಡೆಗೆ ಸರಿ. ಗೀಟು. ಕಚೋರ, ಲಾವಂಚ, ಗುಲಾಬಿ: ಘಮ ಬೇಕಾದದ್ದು ಎತ್ತಿಕೊಳ್ಳುವವರಿಗೆ, ಕೂಸಿಗಲ್ಲ, ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ಗೀಟು. ಅರಿಶಿನಕ್ಕೂ ಅದೇ ಮಾತು, ಅದೇ ಗೀಟು. ಕಡಲೆಹಿಟ್ಟು ತರಿತರಿ, ತಿಕ್ಕಿದರೆ ತೆಳುಚರ್ಮ ಕೆಂಪಾಗುತ್ತದೆ, ಕುತ್ತಿಗೆ, ಕಂಕುಳಿನ ಮಡಿಕೆಗಳಲ್ಲಿ ಕೂತರೆ ಅಲ್ಲೇ ಹುಣ್ಣಾಗುತ್ತದೆ. "ಇದಕ್ಕೆ ಒಂದಿಷ್ಟು ಓಮ, ಉಪ್ಪು ಹಾಕಿದರೆ ಸಂಜೆ ಬಜ್ಜಿಗಾಗುತ್ತೆ" ಎಂದು ಅದಕ್ಕೂ ಗೀಟೆಳೆದರು. ಬೀಗಿತ್ತಿ ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಓದತೊಡಗಿದರು.

ಬಾವಂಚಿಗೆ ಬಂದಾಗ ಆಕೆಯ ಪೆನ್ನು ಎರಡು ಸಲ ಗೀಟೆಳೆಯಿತು. ಬಾವಂಚಿ ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವಿದೆ. ಅದು ಚರ್ಮಕ್ಕೆ ತಾಗಿದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ ಗುಳ್ಳೆಯೇಳಬಹುದು. ತೊನ್ನಿನ ಚಿಕಿತ್ಸೆಯಲ್ಲಿ ಅದನ್ನು ಬಳಸುವುದೂ ಬಿಸಿಲಿನ ಜೊತೆಗಿನ ಈ ನಂಟಿನಿಂದಲೇ. "ನೀವು ಇದನ್ನು ಹಚ್ಚಿ ಎರೆದು, ಆಮೇಲೆ ಎಳೆಬಿಸಿಲಿಗೆ ಹಿಡಿಯುತ್ತೀರಿ ಅಲ್ಲವೆ?" ಎಂದರು. ನಾವು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಗಳು ಮೆಲ್ಲಗೆ ಕ್ಯಾಸ್ಟೈಲಿನ ವಿಚಾರ ತೆಗೆದಳು. ಆಲಿವ್ ಎಣ್ಣೆಯದಾದರೂ ಗಂಧದ್ದಾದರೂ ಸಾಬೂನು ಸಾಬೂನೇ, ಎಣ್ಣೆಗೆ ಕ್ಷಾರ ಸೇರದೆ ಅದು ಆಗುವುದಿಲ್ಲ ಎಂದರು ಡಾಕ್ಟರಮ್ಮ. ಅದರ ಪಿಎಚ್ ಒಂಬತ್ತು, ಹತ್ತರ ಸುಮಾರು. ಕೂಸಿನ ಚರ್ಮ ಹುಟ್ಟುವಾಗ ಏಳರ ಹತ್ತಿರ ಇದ್ದು, ವಾರಗಳು ಕಳೆದಂತೆ ಐದೂವರೆಯ ಕಡೆಗೆ ಇಳಿಯುತ್ತದೆ. ಆ ಸಣ್ಣ ಹುಳಿಯೇ ರೋಗಾಣುಗಳಿಗೆ ಬೇಲಿ. ಸಾಬೂನು ಹಚ್ಚಿದಾಗಲೆಲ್ಲ ಬೇಲಿ ಸ್ವಲ್ಪ ಸಡಿಲವಾಗುತ್ತದೆ. ಮಗ ಹೇಳಿದ ಪಿಎಚ್ ನಿಜವೇ, ಅವನು ಹೇಳಿದ ಬಾಟಲಿ ಮಾತ್ರ ಅದಕ್ಕೆ ವಿರೋಧಪಕ್ಷ. ಹುಟ್ಟುವಾಗ ಕೂಸು ಬೆಣ್ಣೆಯಂಥ ಬಿಳಿ ಲೇಪವನ್ನು ತಾನೇ ಮೆತ್ತಿಕೊಂಡು ಬರುತ್ತದೆ. ಅದನ್ನು ಕೂಡಲೇ ಉಜ್ಜಿ ತೆಗೆಯದೆ, ಮೊದಲ ಸ್ನಾನವನ್ನು 24 ಗಂಟೆಯಾದರೂ ಮುಂದೂಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಕೂಸು ತನ್ನ ಕ್ರೀಮನ್ನು ತಾನೇ ತಂದಿರುತ್ತದೆ. ನಾವು ಅದನ್ನು ತೊಳೆದು, ಬೇರೆಯದನ್ನು ಹಚ್ಚಲು ಚೀಟಿ ಬರೆಯುತ್ತೇವೆ.

"ಇಷ್ಟು ದಿನ ಏನು ಹಚ್ಚಿ ಎರೆಯುತ್ತಿದ್ದಿರಿ?" ಎಂದು ಡಾಕ್ಟರಮ್ಮ ಕೇಳಿದರು.

ನನ್ನ ಹೆಂಡತಿ ತಡವರಿಸಿದಳು. ಸಭೆ, ಚೀಟಿ, ಗ್ರಂಥಿಗೆ, ಗಿರಣಿ, ಬಿಸಿಲು, ಸೋಸುವಿಕೆಗಳ ನಡುವೆ ಇಷ್ಟು ದಿನವೂ ಎರೆಯುವ ಅಜ್ಜಿ, ಮೊಣಕೈ ಅದ್ದಿ ಹದ ನೋಡಿದ ಬೆಚ್ಚನೆಯ ನೀರನ್ನಷ್ಟೇ ಹಾಕಿ, ಒಂಚೂರು ಕೊಬ್ಬರಿ ಎಣ್ಣೆ ಸವರುತ್ತಿದ್ದಳು. "ಪುಡಿ ಬರೋವರ್ಗೂ ಹಿಂಗೇ ಸುಧಾರಿಸ್ಕಳಿ" ಎಂದು ಆಕೆ ದಿನಾ ಗೊಣಗುತ್ತಿದ್ದಳು. ಆ ಸುಧಾರಿಕೆಯಲ್ಲೇ ಮೊಮ್ಮಗಳ ಮೈ ನುಣ್ಣಗೆ ಮಿರುಗುತ್ತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡೇ ನಾವು, ಅದು ನುಣ್ಣಗಾಗಲು ಏನು ಮಾಡಬೇಕೆಂದು ಕಿತ್ತಾಡಿದ್ದೆವು.

"ಹಾಗೇ ಮುಂದುವರಿಸಿ" ಎಂದು ಡಾಕ್ಟರಮ್ಮ ಚೀಟಿ ಮಡಿಸಿದರು. ಆದರೆ ಅಜ್ಜಿಯೊಬ್ಬಳಿಗೆ ಕೂಸಿಗೆ ಬರೀ ನೀರು ಹಾಕಿ ಎಂದರೆ ಅಡುಗೆಯವಳಿಗೆ ಒಗ್ಗರಣೆ ಬೇಡ ಎಂದಷ್ಟೇ ಕಷ್ಟ. ಹೆಂಡತಿಯ ಮುಖ ನೋಡಿ ಆಕೆಯೇ ಕರಗಿ, ಚೀಟಿಯಲ್ಲಿ ಉಳಿದಿದ್ದ ಒಂದು ಹೆಸರಿಗೆ ಷರತ್ತಿನ ಮೇಲೆ ಮಂಜೂರಾತಿ ಕೊಟ್ಟರು. ಸಿಪ್ಪೆ ತೆಗೆದ ಹೆಸರುಬೇಳೆಯನ್ನು ತೊಳೆದು, ಪೂರ್ತಿ ಒಣಗಿಸಿ, ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಸೋಸಿ ಒಣ ಡಬ್ಬಿಯಲ್ಲಿಡಬೇಕು. ಎರೆಯುವ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ನೀರಲ್ಲಿ ತೆಳ್ಳಗೆ ಕಲಸಬೇಕು. ಮೊದಲು ತೋಳಿನ ಮೇಲೆ ಚೂರೇ ಸವರಿ ಒಂದು ದಿನ ಕಾಯಬೇಕು. ಕೆಂಪಾಗದಿದ್ದರೆ ವಾರಕ್ಕೊಂದು ಸಲ, ತಿಕ್ಕದೆ ಸವರಿ, ಮುಖ ಬಿಟ್ಟು, ಮಡಿಕೆಯಲ್ಲಿ ಉಳಿಯದಂತೆ ತೊಳೆಯಬೇಕು. ಚರ್ಮ ಒಡೆದಿದ್ದರೆ ಅದೂ ಬೇಡ. ಮಿಂದ ಮೇಲಿನ ಸಾಂಬ್ರಾಣಿ ಹೊಗೆಯನ್ನು ದೇವರ ಮುಂದೆ ಹಾಕಿಕೊಳ್ಳಬೇಕು. ಕೂಸಿನ ಪುಪ್ಪುಸಕ್ಕೆ ಹೊಗೆ ಹೊಗೆಯೇ.

ಮನೆಗೆ ಬರುವ ದಾರಿಯಲ್ಲೇ ಹೆಸರುಹಿಟ್ಟಿನ ಪಕ್ಷ ವಿಜಯೋತ್ಸವ ಶುರುಮಾಡಿತು. ಸೋತವರನ್ನು ಸಮಾಧಾನಪಡಿಸುವ ಖಾತೆ ಹಂಚಿಕೆಯೂ ಸುಸೂತ್ರವಾಗಿ ಆಯಿತು. ಬೀಗಿತ್ತಿ ಉಳಿದ ಕಡಲೆಹಿಟ್ಟಿನಲ್ಲಿ ಜುಣಕ ಮಾಡಿದರು. ಅಂಥ ಜುಣಕ ತಿಂದವರು ಕಡಲೆಹಿಟ್ಟನ್ನು ಮೈಗೆ ಹಚ್ಚುವ ಮಾತೇ ಆಡಲಾರರು. ಅತ್ತಿಗೆಯ ಗೊಂಪು ಬಾಣಂತಿಯ ತಲೆಗೆ ಸಂದಿತು.

ಉಳಿದದ್ದು ಗಿರಣಿಯಿಂದ ಬಂದ ಆ ದೊಡ್ಡ ಡಬ್ಬ. ಅಷ್ಟು ದುಡ್ಡು ಸುರಿದು ತಂದ ಪುಡಿಯನ್ನು ಚೆಲ್ಲುವಂತಿಲ್ಲ. ಮೃದು ಚರ್ಮದವರಿಗೆ ಅದು ಆಗುವುದಿಲ್ಲವೆಂದು ಡಾಕ್ಟರಮ್ಮನೇ ಹೇಳಿದ್ದಾರೆ. "ನಿಮ್ಮದು ಸರ್ಕಾರಿ ನೌಕರಿಯಲ್ಲಿ ಹದವಾದ ಚರ್ಮ, ನಿಮಗೇನೂ ಆಗಲ್ಲ" ಎಂದು ಹೆಂಡತಿ ಡಬ್ಬವನ್ನು ನನ್ನ ಹೆಸರಿಗೆ ಖಾತೆ ಮಾಡಿಕೊಟ್ಟಳು. ಈಗ ಭಾನುವಾರ ಬಂತೆಂದರೆ ಅಷ್ಟೂ ಪಕ್ಷಗಳನ್ನು ಮೈಗೆ ಮೆತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಸೀನುತ್ತ ಸೀನುತ್ತ ಅಭ್ಯಂಜನ ಮಾಡುತ್ತೇನೆ. ಮಿಂದು ಬಂದು ಪತ್ರಿಕೆ ಹಿಡಿದು ಕೂತರೆ ಒಳಗಿನಿಂದ ಕೂಗು ಬರುತ್ತದೆ: "ಏನ್ರೀ, ಬಿಸಿಲೇರೋದರೊಳಗೆ ಸೊಪ್ಪು ತರಕಾರಿ ತಂದುಬಿಡಿ."

"ಆಗೋದಿಲ್ಲ ಕಣೇ. ಬಾವಂಚಿ ಹಚ್ಚಿದ್ದೀನಿ, ಬಿಸಿಲಿಗೆ ಹೋಗೋ ಹಾಗಿಲ್ಲ."