ಹಿಗ್ಗುಶಾಸ್ತ್ರ ಪ್ರವೇಶಿಕೆ: ಮಾಡದಕೆರೆ ಹೋಬಳಿಯನ್ನು ಮುಂದಿಟ್ಟುಕೊಂಡು ಒಂದು ಪ್ರೌಢ ಪ್ರಬಂಧ

ಅಧ್ಯಾಯ ಒಂದು: ವ್ಯಾಪ್ತಿ, ವ್ಯಾಖ್ಯೆ ಇತ್ಯಾದಿ

ಶಾಲೆ ಶುರುವಾಗುವ ದಿನ ಮಕ್ಕಳ ಹಿಗ್ಗು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೊರಬೀಳುತ್ತದೆ, ಹೊರಬೀಳದಂತೆ ದೊಡ್ಡವರು ಅದನ್ನು ಹೇಗೆ ತಡೆಯುತ್ತಾರೆ ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಅಧ್ಯಯನದ ಭೌಗೋಳಿಕ ವ್ಯಾಪ್ತಿ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿ. ಕಾಲವ್ಯಾಪ್ತಿ ರೋಹಿಣಿ ಮಳೆ. 2025ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳು ಬಾಗಿಲು ತೆರೆದದ್ದು ಮೇ 29ಕ್ಕೆ, ಅಂದರೆ ರೋಹಿಣಿ ಹುಟ್ಟಿದ ಹಿಂದುಮುಂದಿನಲ್ಲೇ. ಇಲಾಖೆಯವರು ಪಂಚಾಂಗ ನೋಡುತ್ತಾರೋ, ಮಳೆಯೇ ಇಲಾಖೆಯ ಸುತ್ತೋಲೆ ಓದಿಕೊಂಡು ಬರುತ್ತದೋ ಎಂಬಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಈ ಬಯಲುಸೀಮೆಯ ಮಳೆ ಯಾವ ಸುತ್ತೋಲೆಯನ್ನೂ ಪಾಲಿಸಿದ್ದು ಯಾರೂ ಕಂಡಿಲ್ಲವಾದ್ದರಿಂದ ಎರಡನೆಯ ವಾದ ತಾನಾಗಿಯೇ ಬಿದ್ದುಹೋಗುತ್ತದೆ.

ಅಧ್ಯಾಯ ಎರಡು: ಶಾಸನಾಧಾರಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ಯಾವ ಸಂಶೋಧನೆಯೂ ಕಲ್ಲಿನಿಂದಲೇ ಶುರುವಾಗಬೇಕೆಂಬುದು ಸಂಪ್ರದಾಯ. ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಗುರುವಾದವನು ಮೊದಲ ದಿನ ಶಿಷ್ಯನನ್ನು ಏನು ಕೇಳಬೇಕು ಎಂಬುದರ ಬಗ್ಗೆ ಮಾತ್ರ ಸಾಮ್ರಾಟರು ಮೌನ.

ಆದರೆ ನಮ್ಮ ಶಾಸ್ತ್ರಕ್ಕೆ ಬೇಕಾದ ಮುಖ್ಯ ಆಧಾರ ಇರುವುದು ಶಾಸನದ ಕೊನೆಯಲ್ಲಿ. ಇದನ್ನು ಬರೆದ ಲಿಪಿಕಾರ ಚಪಡ ಎಂಬಾತ ತನ್ನ ಹೆಸರನ್ನು ಹಾಕಿಕೊಂಡಿದ್ದಾನೆ. ಅಷ್ಟಕ್ಕೇ ಬಿಟ್ಟಿಲ್ಲ, ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಪದವನ್ನು ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಸುತ್ತ ಹತ್ತೂರಿನಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಯಾರೂ ಓದಲೆಂದಲ್ಲ, ತನಗೆ ಬರುತ್ತದೆಂದು. ಮಾಡದಕೆರೆ ಸೀಮೆಯ ಮೂರನೇ ತರಗತಿಯವರು ಹೊಸ ನೋಟ್‌ಬುಕ್ಕಿನ ಲೇಬಲ್ ಮೇಲೆ ಹೆಸರನ್ನು ಕನ್ನಡದಲ್ಲಿ ಬರೆದು ಇನಿಷಿಯಲ್ಲನ್ನು ಇಂಗ್ಲಿಷಿನಲ್ಲಿ ಹಾಕುವುದು ಇದೇ ಪರಂಪರೆ ಎಂದು ಪ್ರಬಂಧಕಾರನ ದೃಢ ನಂಬಿಕೆ. ಲೇಬಲ್ ಬರೆಯುವಾಗ ಹುಡುಗಿಯೊಬ್ಬಳ ಮುಖ ನೋಡಿ. ನಾಲಿಗೆಯ ತುದಿ ಬಾಯಿಯ ಮೂಲೆಯಿಂದ ಹೊರಗೆ ಬಂದಿರುತ್ತದೆ. ದೀರ್ಘ ಎಳೆದಾಗ ಅದೂ ಪಕ್ಕಕ್ಕೆ ಸರಿಯುತ್ತದೆ, ಒತ್ತಕ್ಷರ ಬಂದಾಗ ಒಳಗೆ ಹೋಗಿ ಮತ್ತೆ ಬರುತ್ತದೆ. ಹೆಸರು, ತರಗತಿ, ವಿಷಯ, ಶಾಲೆ ಎಂಬ ನಾಲ್ಕು ಗೆರೆ ತುಂಬುವ ಹೊತ್ತಿಗೆ ಪಕ್ಕದವಳು ಎರಡು ಸಲ ಇಣುಕಿ, ಎರಡು ಸಲವೂ ಮೊಣಕೈಯಿಂದ ತಿವಿಸಿಕೊಂಡಿರುತ್ತಾಳೆ. ತರಗತಿ ಎಂದಿದ್ದಲ್ಲಿ ಹಳೇ ಚಾಳಿಗೆ '2' ಎಂದು ಬರೆದು, ಅದನ್ನೇ ತಿದ್ದಿ ತೀಡಿ '3' ಮಾಡಿದ ಗುರುತು ಅಲ್ಲಿರುತ್ತದೆ. ಹೊಸ ವರ್ಷದ ಹಿಗ್ಗಿಗೆ ಇದಕ್ಕಿಂತ ಗಟ್ಟಿಯಾದ ಲಿಖಿತ ಪುರಾವೆ ಪುರಾತತ್ವ ಇಲಾಖೆಯ ಬಳಿಯೂ ಇರಲಾರದು.

ಇನ್ನೊಂದು ಆಧಾರ ತಾಳಗುಂದದ ಶಾಸನ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗೆಂದು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಹುಡುಗ ದರ್ಭೆ ಬಿಸಾಕಿ ಕತ್ತಿ ಹಿಡಿದ, ಟಿ.ಸಿ. ಕೂಡ ತೆಗೆದುಕೊಳ್ಳದೆ ಹೊರಟುಬಂದು ರಾಜ್ಯ ಕಟ್ಟಿದ. ಆಮೇಲೆ ನಮ್ಮ ಚಂದ್ರವಳ್ಳಿಯ ಕೆರೆಯ ಕೆಲಸ ಮಾಡಿಸಿ ಅಲ್ಲೊಂದು ಶಾಸನವನ್ನೂ ಹಾಕಿಸಿದ. ಹೊಸ ಶಾಲೆಯ ಅನುಭವ ಹೇಳಿಕೊಳ್ಳಲು ಹೋದವನಿಗೆ ಯಾರೂ ಕಿವಿಗೊಡದಿದ್ದರೆ ರಾಜವಂಶ ಹುಟ್ಟುವ ಅಪಾಯವಿದೆ ಎಂಬುದಕ್ಕೆ ಇದು ನಿದರ್ಶನ.

ಅಧ್ಯಾಯ ಮೂರು: ಪ್ರಾರಂಭೋತ್ಸವ ಮೀಮಾಂಸೆ

ಪ್ರಾರಂಭೋತ್ಸವ ಎಂಬುದು ಮಾವಿನ ತೋರಣ, ಗುಲಾಬಿ, ಸಿಹಿಯೂಟ, ಪಠ್ಯಪುಸ್ತಕ ವಿತರಣೆ ಮತ್ತು ಫೋಟೋ ಎಂಬ ಪಂಚಾಂಗಗಳಿಂದ ಕೂಡಿದ ಕ್ರಿಯೆ. ಇವುಗಳಲ್ಲಿ ಮೊದಲ ನಾಲ್ಕು ಐದನೆಯದಕ್ಕಾಗಿ ಇವೆ. ಕೆಲವೆಡೆ ಎತ್ತಿನ ಗಾಡಿಯ ಮೆರವಣಿಗೆಯೂ ಉಂಟು. ಆದರೆ ಹಿಂದಿನ ರಾತ್ರಿ ಮಳೆ ಹುಯ್ದಿದ್ದರೆ ಎತ್ತುಗಳು ಬೆಳಗ್ಗೆಯೇ ಹೊಲಕ್ಕೆ ಹೋಗಿರುತ್ತವೆ, ಅವುಗಳ ಹಿಂದೆ ಐದನೇ ತರಗತಿಯ ಇಬ್ಬರೂ ಹೋಗಿರುತ್ತಾರೆ. ಮೆರವಣಿಗೆ ಭರ್ಜರಿಯಾದ ವರ್ಷ ಬೆಳೆ ಸೊರಗಿರುತ್ತದೆ ಎಂಬ ಸೂತ್ರವನ್ನು ಇಲ್ಲಿ ಮಂಡಿಸಬಹುದಿತ್ತು. ಕೃಷಿ ಇಲಾಖೆಯವರು ಬೇಜಾರು ಮಾಡಿಕೊಂಡಾರೆಂದು ಕೈಬಿಟ್ಟಿದೆ.

ಉತ್ಸವದ ನಡುವೆ ವೇದಿಕೆಯಿಂದ ಒಂದು ಪ್ರಶ್ನೆ ಬರುತ್ತದೆ: "ಮಕ್ಕಳೇ, ಎಲ್ರಿಗೂ ಖುಷಿ ಆಯ್ತಾ?"

"ಹೂಂ ಸಾ!"

ಈ 'ಹೂಂ ಸಾ'ದ ಬಗ್ಗೆ ಪ್ರತ್ಯೇಕ ಮಹಾಪ್ರಬಂಧವೇ ಆಗಬೇಕು. ಇದು ಒಕ್ಕೊರಲಿನದು, ರಾಗಬದ್ಧವಾದದ್ದು, ಅರ್ಥನಿರಪೇಕ್ಷವಾದದ್ದು. "ಹಾಲು ಕುಡಿದ್ರಾ" ಎಂದರೂ ಇದೇ, "ಲೆಕ್ಕ ಅರ್ಥ ಆಯ್ತಾ" ಎಂದರೂ ಇದೇ, "ನಾಳೆಯಿಂದ ಯಾರೂ ಗಲಾಟೆ ಮಾಡಬಾರದು" ಎಂಬ ಪ್ರಶ್ನೆಯೇ ಅಲ್ಲದ ವಾಕ್ಯಕ್ಕೂ ಇದೇ. ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರೆ ಇನ್ನೂ ಕಷ್ಟ. ಗುಲಾಬಿ ಹಿಡಿದ ಆರು ವರ್ಷದ ಮಗು ಎಡಗಾಲಿನ ಹೆಬ್ಬೆರಳಿಂದ ಬಲಗಾಲು ಕೆರೆಯುತ್ತ ಅಂಗಿಯ ಗುಂಡಿ ಬಾಯಿಗೆ ಹಾಕಿಕೊಳ್ಳುತ್ತದೆ. ಇದನ್ನು ಕಂಡು 'ಅಂಜುಬುರುಕ' ಎಂದು ಷರಾ ಬರೆಯುವುದು ಅವೈಜ್ಞಾನಿಕ. ಮುಖ್ಯಮಂತ್ರಿಗಳ ಎದುರು ನಿಲ್ಲಿಸಿ "ನಿಮ್ಮ ಸಂತೋಷವನ್ನು ಎರಡು ಮಾತಿನಲ್ಲಿ ಹಂಚಿಕೊಳ್ಳಿ" ಎಂದರೆ ಪ್ರಬಂಧಕಾರನೂ ಗುಂಡಿ ಕಚ್ಚುವವನೇ.

2020ರಲ್ಲಿ ಒಂದನೇ ತರಗತಿಗೆ ದಾಖಲಾದ ಮಕ್ಕಳ ವಿಚಾರ ಬೇರೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ವಿದ್ಯಾಗಮವೆಂದು ಗುಡಿ ಕಟ್ಟೆ, ಜಗಲಿ, ಮರದಡಿ ಒಂದಷ್ಟು ದಿನ ಕುಳಿತು, ಅದೂ ನಿಂತು, ಅವರು ತರಗತಿಯ ಕೋಣೆ ಕಂಡದ್ದು 2021ರ ಅಕ್ಟೋಬರ್ 25ರ ನಂತರ, ಎರಡನೇ ತರಗತಿಯವರಾಗಿ. ರೋಹಿಣಿಯಲ್ಲಿ ಆಗಬೇಕಿದ್ದದ್ದು ಸ್ವಾತಿಯಲ್ಲಾಯಿತು. ಆ ಸಾಲಿನವರ ಮಟ್ಟಿಗೆ ಈ ಶಾಸ್ತ್ರ ತಮಾಷೆ ಬಿಟ್ಟು ಕೈಕಟ್ಟಿ ನಿಲ್ಲುತ್ತದೆ.

ಅಧ್ಯಾಯ ನಾಲ್ಕು: ತೌಲನಿಕ ಅಧ್ಯಯನ

ಜರ್ಮನಿಯಲ್ಲಿ ಮೊದಲ ದಿನ ಮಗುವಿಗೆ ಶಂಕುವಿನಾಕಾರದ ದೊಡ್ಡ ಕಾಗದದ ಪೊಟ್ಟಣದಲ್ಲಿ ಮಿಠಾಯಿ ತುಂಬಿ ಕೊಡುತ್ತಾರೆ. ರಷ್ಯಾದಲ್ಲಿ ಸೆಪ್ಟೆಂಬರ್ 1ರಂದು ಮಗುವೇ ಟೀಚರಿಗೆ ಹೂಗುಚ್ಛ ಒಯ್ದು ಕೊಡುತ್ತದೆ. ನಮ್ಮಲ್ಲಿ ಟೀಚರೇ ಮಗುವಿಗೆ ಹೂ ಕೊಟ್ಟು, ಫೋಟೋ ಆದಮೇಲೆ ಮುಂದಿನ ಮಗುವಿಗೆಂದು ವಾಪಸು ಇಸಕೊಳ್ಳುತ್ತಾರೆ.

ಅಧ್ಯಾಯ ಐದು: ಪ್ರಯೋಗಖಂಡ

ಮೊದಲ ಸೂತ್ರ: ಮಗುವನ್ನು ಕೇಳಬೇಡಿ, ಚೀಲವನ್ನು ಕೇಳಿ. "ಚೀಲದಾಗೆ ಏನೈತೆ?" ಎಂದು ನೋಡಿ. ಗುಂಡಿ ಬಾಯಿಂದ ಹೊರಬರುತ್ತದೆ. "ಇದು ನಮ್ಮಕ್ಕಂದು ಸಾ, ಜಿಪ್ ಹೋಗಿತ್ತು, ನಮ್ಮಪ್ಪ ಹೊಸದುರ್ಗದಾಗೆ ಹಾಕಿಸ್ಕೊಂಡು ಬಂತು, ಎರಡು ಜಿಪ್ಪು ಸಾ, ಇದ್ರಾಗೆ ರಬ್ಬರಿರೋ ಪೆನ್ಸಿಲ್ಲು, ಇದ್ರಾಗೆ ಏನೂ ಇಲ್ಲ." ಏನೂ ಇಲ್ಲದ ಆ ಎರಡನೇ ಖಾನೆಯನ್ನೂ ತೆರೆದು ತೋರಿಸದೆ ಬಿಡುವುದಿಲ್ಲ. ಮೇಷ್ಟ್ರು ಅದರೊಳಗೆ ಇಣುಕಲೇಬೇಕು. ಇಣುಕದವರಿಗೆ ಮಗು ಆ ವರ್ಷವಿಡೀ 'ಹೂಂ ಸಾ' ಬಿಟ್ಟು ಬೇರೆ ಕೊಡದು.

ಹೊಸ ಪುಸ್ತಕ ಬರುವುದು ತಡವಾಗಿ, ಮೇಲಿನ ತರಗತಿಯವರ ಹಳೆಯದು ಕೈಗೆ ಬಂದರೂ ನಷ್ಟವಿಲ್ಲ. ಅದರಲ್ಲಿ ಪೂರ್ವಸೂರಿಗಳ ಟೀಕಾಟಿಪ್ಪಣಿ ಇರುತ್ತದೆ. ಯಾವ ಪಾಠ ಬೋರು, ಯಾವ ಚಿತ್ರಕ್ಕೆ ಮೀಸೆ ಒಪ್ಪುತ್ತದೆ ಎಂಬ ಪಾಠಾಂತರಗಳನ್ನು ಮಕ್ಕಳೇ ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ.

ಎರಡನೆಯ ಸೂತ್ರ ಇದೇ ತಾಲ್ಲೂಕಿನ ಸಾಣೇಹಳ್ಳಿಯಿಂದ ಬಂದದ್ದು. 1997ರಿಂದ ಅಲ್ಲಿನ ಶಿವಸಂಚಾರ ತಂಡದವರು ಊರೂರಿಗೆ ನಾಟಕ ಒಯ್ಯುತ್ತಿರುವ ಸೀಮೆಯಲ್ಲಿ, ತಾನಾಗಿ ಬಾಯಿಬಿಡದ ಮಗು ಇನ್ನೊಬ್ಬರಾಗಿ ಬಾಯಿಬಿಡುತ್ತದೆ ಎಂಬುದನ್ನು ವಿವರಿಸುವ ಅಗತ್ಯವಿಲ್ಲ. "ನೀನು ಹೊಸ ಬೂಟು. ಬೂಟಿಗೆ ಇವತ್ತು ಏನಾಯ್ತು?" ಎಂದರೆ ಬೂಟು ಮಾತಾಡುತ್ತದೆ: ಕೆಸರು ಕಂಡು ಹೆದರಿದ್ದು, ಸಾಕ್ಸು ಬಿಗಿಯಾಗಿದ್ದು, ಬಾಗಿಲಾಚೆ ಹಳೇ ಹವಾಯಿ ಚಪ್ಪಲಿಗಳ ಜೊತೆ ಒಂಟಿಯಾಗಿ ಕೂತಿದ್ದು. ಅಳುವೂ ಬರಬಹುದು. ಬರಲಿ. ಹಿಗ್ಗು ಮತ್ತು ಅಂಜಿಕೆ ಅವಳಿ ಮಕ್ಕಳು, ಒಂದನ್ನೇ ಕರೆದರೆ ಎರಡೂ ಬರುವುದಿಲ್ಲ ಎಂಬುದು ಇಲ್ಲಿ ಪ್ರಬಂಧಕಾರನ ಸ್ವಂತ ಸೇರ್ಪಡೆ.

ಮೂರನೆಯದು, ಮಕ್ಕಳನ್ನು ಮಕ್ಕಳಿಗೇ ಒಪ್ಪಿಸುವುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಒಂದರಿಂದ ಮೂರನೇ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಸಹಪಾಠಿಯೂ ಕಲಿಸಬಲ್ಲ ಎಂದಿತು. ಮೂರನೆಯವಳ ಕೈಗೆ ಒಂದನೆಯವನ ಕೈ ಕೊಟ್ಟು "ಶಾಲೆ ತೋರಿಸ್ಕೊಂಡು ಬಾ" ಎಂದರೆ ಅವಳ ವಾಗ್ಝರಿ ನೋಡಬೇಕು. ಅಡುಗೆ ಕೋಣೆ, ಸೋರುವ ನಲ್ಲಿ, ಕಣಜ ಗೂಡು ಕಟ್ಟಿದ ಕಿಟಕಿ, ಬಡಿದರೆ ಅರ್ಧ ಊರಿಗೆ ಕೇಳುವ ಕಂಬಿ ತುಂಡಿನ ಗಂಟೆ. ತನ್ನ ಹೊಸ ವರ್ಷದ ಸಡಗರವನ್ನೆಲ್ಲ ಅವಳು ಅವನಿಗೆ ಮಾರ್ಗದರ್ಶನದ ಹೆಸರಿನಲ್ಲಿ ಸುರಿದಿರುತ್ತಾಳೆ. ಅವನು ಬಾಯಿ ಬಿಟ್ಟುಕೊಂಡು ನಂಬಿರುತ್ತಾನೆ.

ಇಷ್ಟಾದರೂ ಬಾಯಿಬಿಡದ ಮಗುವಿಗೆ ಕಾಯುವುದೊಂದೇ ಮದ್ದು. ವೇದಾವತಿಯ ನೀರು ತುಂಬಿಕೊಂಡ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಯಾರೂ ದಂಡೆಯ ಮೇಲೆ ನಿಂತು "ಹೇಳು, ಹೇಳು, ಹೆದರ್ಬೇಡ" ಎಂದು ಒತ್ತಾಯಿಸಲಿಲ್ಲ.

ಅಧ್ಯಾಯ ಆರು: ಬಗೆಹರಿಯದ ಪ್ರಶ್ನೆಗಳು

ಬೆಳಗ್ಗೆ ಗೇಟಿಗೆ ಆತುಕೊಂಡು ಅತ್ತ ಮಗು ಸಂಜೆ ಮನೆಗೆ ಹೋಗಲು ಯಾಕೆ ಒಪ್ಪುವುದಿಲ್ಲ? ಯೂನಿಫಾರಂ ಎರಡು ಬೆರಳು ಉದ್ದ ಹೊಲಿಸಿದರೆ ಉಮೇದೂ ಅಷ್ಟೇ ಉದ್ದ ಬರುತ್ತದೆಯೇ? ಇವಕ್ಕೆ ಉತ್ತರ ಮುಂದಿನ ಸಂಶೋಧಕರು ಹುಡುಕಲಿ. ಹೆಚ್ಚು ತುರ್ತಿನದು ಒಂದೇ: ಹೊಸ ವರ್ಷದ ಮೊದಲ ಗಂಟೆ ಬಡಿಯುವ ಹಕ್ಕು ಯಾರದು ಎಂಬುದು. ಹೋದ ವರ್ಷ ಬಡಿದವನದೋ, ಅವತ್ತು ಎಲ್ಲರಿಗಿಂತ ಮೊದಲು ಬಂದವಳದೋ, ಕಂಬಿಯ ಎತ್ತರಕ್ಕೆ ಕೈ ನಿಲುಕುವವರದೋ? ಮೂರು ಪಕ್ಷಗಳೂ ಪ್ರಬಲವಾಗಿವೆ, ಮೇಷ್ಟ್ರು ತಟಸ್ಥರಾಗಿದ್ದಾರೆ, ಕಡತವಿನ್ನೂ ಮೂರನೇ ತರಗತಿಯವರ ಪರಿಶೀಲನೆಯಲ್ಲಿದೆ.